ಎರಡನೇ ಕಂಬದ ಕೆಳಗೆ ಯಾರೂ ಇರಲಿಲ್ಲ

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಊರಿನವರು ಬೆನ್ನ ಹಿಂದೆ ‘ಪೀಪಿ ಮೇಡಮ್ಮು’ ಅನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಹೆಣ್ಣುಮಕ್ಕಳ ಕಬಡ್ಡಿ ನಡೆದರೂ ಗೆರೆ ಕಾಯಲು ನನ್ನನ್ನು ಕರೆಯುತ್ತಾರೆ. ಕರೆದ ಮೇಲೆ ಯಾಕಾದರೂ ಕರೆದೆವೋ ಎಂದು ಗೊಣಗುತ್ತಾರೆ. ಅಂಥದ್ದರಲ್ಲಿ ಹೋದ ವರ್ಷ ವಿಮಾನದ ರೇಸಿಗೆ ತೀರ್ಪು ಕೊಡಲು ಬನ್ನಿ ಎಂದು ಫೋನು ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ವಿಮಾನ ಹತ್ತಿದವಳೇ ಅಲ್ಲ ಎಂದೆ.

“ಅತ್ತೋದ್ ಬ್ಯಾಡ ಮೇಡಂ, ಕೆಳಗ್ ನಿಂತ್ಕಂಡ್ ನೋಡಿದ್ರೆ ಸಾಕು,” ಎಂದರು ಫೋನು ಮಾಡಿದವರು. ಹಾಸನದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನಗಳೆಂದರೆ ಹುಚ್ಚು. ತಮ್ಮಂಥವರನ್ನೇ ಸೇರಿಸಿ ಒಂದು ಸಂಘ ಕಟ್ಟಿಕೊಂಡು ತಾವೇ ಅಧ್ಯಕ್ಷರಾಗಿದ್ದರು.

ರೇಸು ನಡೆದದ್ದು ಮೊಸಳೆ ಎಂಬ ಊರಿನ ಹತ್ತಿರ, ಆಲೂಗಡ್ಡೆ ಕಿತ್ತು ಖಾಲಿ ಬಿದ್ದಿದ್ದ ಹೊಲದಲ್ಲಿ. ಮೂರು ಮೂಲೆಗೆ ಮೂರು ಉದ್ದನೆಯ ಬಿದಿರು ಕಂಬ ನೆಟ್ಟಿದ್ದರು. ವಿಮಾನ ಪ್ರತಿ ಸುತ್ತಿನಲ್ಲೂ ಮೂರನ್ನೂ ಹೊರಗಿನಿಂದ ಬಳಸಿ ಬರಬೇಕು. ಒಳಗಿನಿಂದ ನುಸುಳಿದರೆ ಅದಕ್ಕೆ ‘ಕಟ್’ ಅನ್ನುತ್ತಾರೆ, ಆ ಸುತ್ತು ಲೆಕ್ಕಕ್ಕಿಲ್ಲ. ಪ್ರತಿ ಕಂಬದ ಬುಡದಲ್ಲೂ ಕೆಂಪು ಬಾವುಟ ಹಿಡಿದ ಒಬ್ಬ ತೀರ್ಪುಗಾರ. ಕಟ್ ಕಂಡರೆ ಬಾವುಟ ಎತ್ತಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ನನ್ನದು ಮೂರನೇ ಕಂಬ. ಕತ್ತೆತ್ತಿ ಒಂದೆರಡು ಸುತ್ತು ನೋಡುವಷ್ಟರಲ್ಲಿ ಅರ್ಥವಾಯಿತು, ಇದೂ ಕಬಡ್ಡಿಯೇ. ಗೆರೆ ನೆಲದ ಮೇಲಿಲ್ಲ, ಮೇಲೆ ಗಾಳಿಯಲ್ಲಿದೆ, ಅಷ್ಟೇ. ಗೆರೆಯ ನೇರಕ್ಕೆ ನಿಂತವರಿಗೆ ಬಿಟ್ಟು ಬೇರೆ ಯಾರಿಗೂ ಅದು ಕಾಣುವುದಿಲ್ಲ.

ಎರಡನೇ ಕಂಬದಲ್ಲಿ ಸಂಘದ ಖಜಾಂಚಿ ನಿಂತಿದ್ದರು. ಒಳ್ಳೆಯವರೇ. ಆದರೆ ಮುಖ್ಯ ಅತಿಥಿಗೆ ಹಾಕುವ ಹಾರದ ಜವಾಬ್ದಾರಿಯೂ ಅವರಿಗೇ ಬಿದ್ದಿತ್ತು. ಸುಗಂಧರಾಜದ ದಪ್ಪ ಹಾರವನ್ನು ಬಾಡದಿರಲಿ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಂಬದ ಬುಡದಲ್ಲೇ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೆ ಪೇಟ. ಬೆಳಿಗ್ಗೆಯಿಂದ ಅವರ ಒಂದು ಕಣ್ಣು ಆಕಾಶದ ಮೇಲಿದ್ದರೆ ಇನ್ನೊಂದು ರಸ್ತೆಯ ಮೇಲಿತ್ತು.

ಕೊನೆಗೆ ಉಳಿದವರು ಇಬ್ಬರು. ಚನ್ನರಾಯಪಟ್ಟಣದ ಒಬ್ಬ ಹುಡುಗ, ಅರಕಲಗೂಡು ಕಡೆಯ ಹಳ್ಳಿಯಿಂದ ಬಂದು ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದ ಒಬ್ಬಳು ಹುಡುಗಿ. ಗೆದ್ದವರಿಗೆ ಮೈಸೂರಿನ ದೊಡ್ಡ ರೇಸಿಗೆ ಹೋಗುವ ಅವಕಾಶ, ಅದೂ ಒಬ್ಬರಿಗೆ ಮಾತ್ರ. ಹುಡುಗನದು ಅಂಗಡಿಯಿಂದ ತಂದ ವಿಮಾನ. ಹುಡುಗಿಯದು ಥರ್ಮಾಕೋಲಿನಲ್ಲಿ ತಾನೇ ಕೊಯ್ದು ಅಂಟಿಸಿ ಅರಿಶಿನದ ಬಣ್ಣ ಬಳಿದದ್ದು. ಅವಳೇ ಗೆಲ್ಲಲಿ ಎಂದು ನನ್ನ ಮನಸ್ಸಿನಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಮನಸ್ಸನ್ನು ಬಾವುಟ ಎತ್ತಲು ಯಾರೂ ಕರೆಸಿರಲಿಲ್ಲ.

ಇನ್ನೇನು ಮುಗಿಯಬೇಕು ಅನ್ನುವಾಗ ರಸ್ತೆಯಲ್ಲಿ ಕಾರು ಕಾಣಿಸಿತು. ಮೈಕಿನವನು ಎಲ್ಲರೂ ಎದ್ದು ನಿಂತು ಸ್ವಾಗತಿಸಬೇಕು ಎಂದು ಗಂಟಲು ಹರಿದುಕೊಂಡ. ಕುರ್ಚಿಯಲ್ಲಿದ್ದವರೆಲ್ಲ ರಸ್ತೆಯ ಕಡೆ ತಿರುಗಿದರು. ನನ್ನ ಕಣ್ಣು ಮಾತ್ರ ವಿಮಾನಗಳ ಹಿಂದೆಯೇ ಇತ್ತು, ಅವು ಎರಡನೇ ಕಂಬ ದಾಟಿದರೆ ಮುಂದೆ ಬರುವುದು ನನ್ನ ತಲೆಯ ಮೇಲೆಯೇ. ಹಾಗಾಗಿ ನಾನು ನೋಡಿದೆ: ಹಳದಿ ವಿಮಾನ ಮುಂದಿತ್ತು, ಅದು ಎರಡನೇ ಕಂಬ ತಿರುಗಿತು, ಕಂಬದ ಕೆಳಗೆ ಯಾರೂ ಇರಲಿಲ್ಲ. ಖಜಾಂಚಿಯವರು ಎರಡೂ ಕೈಯಲ್ಲಿ ಹಾರ ಹಿಡಿದು, ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾರಿನ ಕಡೆ ಓಡುತ್ತಿದ್ದರು.

ಹಳದಿ ವಿಮಾನವೇ ಮೊದಲು ಗುರಿ ಮುಟ್ಟಿತು. ಹುಡುಗಿ ಅದನ್ನು ಇಳಿಸಿ, ರಿಮೋಟು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಯಾರೋ ವೇದಿಕೆಯ ಬಳಿಯಿಂದ ಮೊಬೈಲಿನಲ್ಲಿ ತೆಗೆದ ವಿಡಿಯೋ ಕೈಯಿಂದ ಕೈಗೆ ಓಡಾಡಿತು. ಅದರಲ್ಲಿ ಎರಡನೇ ಕಂಬದ ಹತ್ತಿರ ವಿಮಾನ ಒಳಗೇ ಬಂದಂತೆ ಕಾಣುತ್ತಿತ್ತು. ಖಜಾಂಚಿಯವರನ್ನು ಕೇಳಿದರು. ನಾನಲ್ಲಿರಲಿಲ್ಲ ಎಂದು ಮುಖ್ಯ ಅತಿಥಿಯ ಮುಂದೆ ಹೇಳುವುದು ಹೇಗೆ? “ಕಟ್ಟೇ ಕಣ್ರೀ, ನಾನೇ ಕಂಡೆ,” ಎಂದುಬಿಟ್ಟರು.

ನನಗೆ ತಲೆ ಕೆಟ್ಟಿತು. ಮೂವರು ತೀರ್ಪುಗಾರರೂ ಮೇಜಿನ ಹತ್ತಿರ ಬಂದು ತಮ್ಮ ಮಾತು ಹೇಳುವವರೆಗೆ ಫಲಿತಾಂಶ ಕೂಗುವಂತಿಲ್ಲ ಎಂಬುದು ಸಂಘದವರೇ ಮಾಡಿಕೊಂಡ ನಿಯಮ. ನಾನು ಮೂರನೇ ಕಂಬದ ಬುಡದಲ್ಲಿ ಕೂತೆ. ಬರುವುದಿಲ್ಲ ಎಂದೆ.

ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ ಬಂದರು. ಹಿಂದೆಯೇ ಖಜಾಂಚಿ, ಅವರ ತೋಳಿನ ಮೇಲೆ ಹೂವಿನ ಎಸಳು ಇನ್ನೂ ಅಂಟಿಕೊಂಡಿತ್ತು.

“ಮೇಡಂ, ದೊಡ್ಡೋರು ಕಾಯ್ತಾವ್ರೆ. ನಿಮ್ಗೂ ಒಂದ್ ಶಾಲು ಇಟ್ಟಿದೀವಿ, ಬನ್ನಿ,” ಎಂದರು ಅಧ್ಯಕ್ಷರು.

“ಶಾಲು ನೀವೇ ಹೊದ್ಕೊಳ್ಳಿ. ಎರಡನೇ ಕಂಬದ ಕೆಳಗೆ ಯಾರಿದ್ರು, ಅದನ್ನ ಹೇಳಿ.”

“ವಿಡಿಯೋದಾಗೆ ಐತಲ್ಲ ಮೇಡಂ,” ಎಂದರು ಖಜಾಂಚಿ.

ಆಗ ಹೊಲದ ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಅದು ಎರಡನೇ ಕಂಬದ ಆಚೆಗಿದೆಯೋ ಈಚೆಗಿದೆಯೋ ಇಲ್ಲಿಂದ ನೋಡಿ ಹೇಳಿ ಎಂದೆ. ಅಧ್ಯಕ್ಷರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು, ಆಚೆ ಎಂದರು. ಖಜಾಂಚಿ ಈಚೆ ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಂಗೂ ಗೊತ್ತಿಲ್ಲ,” ಎಂದೆ. “ಆ ಹುಡುಗಿ ಕಟ್ ಮಾಡಿದ್ಲೋ ಇಲ್ವೋ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆ ಮೊಬೈಲಿಗೂ ಗೊತ್ತಿಲ್ಲ. ಯಾರೂ ನೋಡದೆ ಇದ್ದದ್ದನ್ನ ತಪ್ಪು ಅಂತ ಕೂಗೋಕೆ ನನ್ನ ಕೈಲಿ ಆಗಲ್ಲ. ಇನ್ನೊಂದ್ಸಲ ಹಾರಿಸಿ.”

ಅಷ್ಟರಲ್ಲಿ ಹುಡುಗಿಯೇ ಬಂದಳು, ಕಣ್ಣು ಕೆಂಪಾಗಿತ್ತು. “ಬುಡಿ ಮಿಸ್, ಓಗ್ಲಿ. ನನ್ನಿಂದ ನಿಮ್ಗ್ಯಾಕೆ ಮಾತು.”

ನನಗೆ ಖಜಾಂಚಿಯ ಮೇಲೆ ಬಂದಷ್ಟೇ ಸಿಟ್ಟು ಅವಳ ಮೇಲೂ ಬಂತು. ಈ ‘ಓಗ್ಲಿ ಬುಡಿ’ಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಬಸ್ಸಿನಲ್ಲಿ ಸೀಟು ಕಸಿದುಕೊಂಡರೆ ಓಗ್ಲಿ ಬುಡಿ, ರೇಷನ್ ಅಂಗಡಿಯಲ್ಲಿ ಹಿಂದೆ ಬಂದವನು ಮುಂದೆ ನುಗ್ಗಿದರೆ ಓಗ್ಲಿ ಬುಡಿ, ಗೆದ್ದ ಮಗುವಿನ ಕೈಯಿಂದ ಬಹುಮಾನದ ಕಪ್ಪು ಕಿತ್ತುಕೊಂಡರೂ ಓಗ್ಲಿ ಬುಡಿ. ಬಿಟ್ಟು ಬಿಟ್ಟು ನಮ್ಮ ಹೆಣ್ಣುಮಕ್ಕಳಿಗೆ ಹಿಡಿಯುವುದೇ ಮರೆತುಹೋಗಿದೆ. “ನೀನು ಬಿಡಬಹುದು ಕಣಮ್ಮ,” ಎಂದೆ, “ನಾನು ನಿನಗೋಸ್ಕರ ಕೂತಿಲ್ಲ. ನಾನು ಈ ಕಂಬಕ್ಕೆ ಕೂತಿದೀನಿ.”

ಅತ್ತ ಮೈಕಿನಲ್ಲಿ ಮುಖ್ಯ ಅತಿಥಿಯ ಭಾಷಣ ಶುರುವಾಯಿತು. ಯುವಕರ ಕನಸಿಗೆ ರೆಕ್ಕೆ ಮೂಡಲಿ ಎಂದರು, ಚಪ್ಪಾಳೆ ಬಿತ್ತು. ಭಾಷಣ ಮುಗಿದರೂ ನಾನು ಜಗ್ಗಲಿಲ್ಲ. ಬಿಸಿಲಿಗೆ ತಲೆ ಸುಡುತ್ತಿತ್ತು, ಸೆರಗು ಹೊದ್ದುಕೊಂಡೆ. ಕೊನೆಗೆ ಗಂಟು ಬಿಡಿಸಿದ್ದು ಚನ್ನರಾಯಪಟ್ಟಣದ ಹುಡುಗ. ತನ್ನ ವಿಮಾನ ಕಂಕುಳಲ್ಲಿಟ್ಟುಕೊಂಡು ಅಧ್ಯಕ್ಷರ ಎದುರು ನಿಂತ.

“ನಾನೂ ಇನ್ನೊಂದ್ಸಲ ಆರಿಸ್ತೀನಿ ಸಾ. ಇಂಗ್ ಗೆದ್ರೆ ನಮ್ಮೂರಾಗೇ ಆಡ್ಕತಾರೆ.”

ಮುಖ್ಯ ಅತಿಥಿಯವರು ಬೇರೆ ಕಾರ್ಯಕ್ರಮವಿದೆ ಎಂದು ಹೊರಟುಹೋದರು. ಚಿತ್ರಾನ್ನ ತಿಂದ ಮೇಲೆ, ಶಾಮಿಯಾನದವರು ಹಗ್ಗ ಬಿಚ್ಚುತ್ತಿರುವಾಗ, ಮೈಕೂ ಇಲ್ಲದೆ ರೇಸು ಮತ್ತೆ ನಡೆಯಿತು. ಎರಡನೇ ಕಂಬದಲ್ಲಿ ಅಧ್ಯಕ್ಷರೇ ನಿಂತರು, ಬಾವುಟ ಬಿಟ್ಟರೆ ಕೈಯಲ್ಲಿ ಬೇರೇನೂ ಇರಲಿಲ್ಲ.

ಹುಡುಗಿ ಮತ್ತೆ ಮುಂದಿದ್ದಳು. ಕೊನೆಯ ಸುತ್ತಿನಲ್ಲಿ ಹಳದಿ ವಿಮಾನ ಎರಡನೇ ಕಂಬವನ್ನು ಚೆನ್ನಾಗಿ ಬಳಸಿ ನನ್ನ ಕಡೆ ಬಂತು. ಮಧ್ಯಾಹ್ನದ ಗಾಳಿ ಎದ್ದಿತ್ತು. ಗಾಳಿ ಅದನ್ನು ಒಂದಿಷ್ಟು ತಳ್ಳಿತು, ಅಂಗೈ ಅಗಲದಷ್ಟು. ನನ್ನ ನೆತ್ತಿಯ ಮೇಲೆ, ಕಂಬದ ಒಳಬದಿಯಿಂದ ಹಾದುಹೋಯಿತು.

ವೇದಿಕೆ ಖಾಲಿ, ವಿಡಿಯೋ ತೆಗೆಯುವವರು ಯಾರೂ ಇಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಕೆಳಗೇ ಇದ್ದ ಬಾವುಟವನ್ನು ಎತ್ತಿದೆ. ಹುಡುಗ ಗೆದ್ದ.

ಮೊದಲು ನನ್ನ ಹತ್ತಿರ ಬಂದವರು ಖಜಾಂಚಿ. ಅವರ ಮುಖಕ್ಕೆ ಕಳೆ ಮರಳಿತ್ತು. “ಇದಕ್ಕಾ ಮೇಡಂ ಅಷ್ಟ್ ಒತ್ತು ಬಿಸಿಲಾಗ್ ಕುಂತಿದ್ದು?” ಎಂದರು.

“ಹೌದು, ಇದಕ್ಕೇ,” ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಹುಡುಗಿ ವಿಮಾನ ಎತ್ತಿಕೊಂಡು ನಮ್ಮ ಕಡೆ ನಡೆದು ಬಂದಳು. ಅವಳ ಕಣ್ಣನ್ನು ನೋಡಲು ನನಗೆ ಕಷ್ಟವಾಯಿತು, ಆದರೂ ನೋಡಿದೆ. ಖಜಾಂಚಿಯವರು ಅವಳನ್ನೂ ಬಿಡಲಿಲ್ಲ. “ನೋಡ್ದೇನವ್ವ, ನಿನ್ ಪರ ಜಗಳ ಆಡ್ದೋರೇ ನಿನ್ ಮ್ಯಾಲೆ ಬಾವುಟ ಎತ್ತುದ್ರು.”

ಹುಡುಗಿ ರೆಕ್ಕೆಗೆ ಹತ್ತಿದ್ದ ಮಣ್ಣನ್ನು ದುಪಟ್ಟಾದಿಂದ ಒರೆಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

“ಅವ್ರು ನೋಡಿ ಎತ್ತುದ್ರು ಸಾ.”