ಸಾಮಾನು ಚೀಟಿಯ ಹಿಂಬದಿ

"ಅಕ್ಕ, ಸಾಮಾನೆಲ್ಲ ಕಟ್ಟಿಸಿದೀನಿ. ಲಿಸ್ಟ್ ಇನ್ನೂ ಇದೆಯೇನೋ ಅಂತ ಚೀಟಿ ತಿರುಗಿಸಿದೆ. ಓದ್ಬಿಟ್ಟೆ, ತಪ್ಪು ತಿಳ್ಕೋಬೇಡಿ" ಎಂದು ನಮ್ಮ ಆರ್‌ಪಿಸಿ ಲೇಔಟಿನ ದಿನಸಿ ಅಂಗಡಿಯವರು ದನಿ ತಗ್ಗಿಸಿ ಹೇಳಿದರು.

ಮನಸ್ಸಿಗೆ ಕಳವಳವಾದಾಗ ಅನ್ನಿಸಿದ್ದನ್ನು ಬರೆದಿಡಿ ಎಂದು ನನ್ನ ಕೌನ್ಸೆಲರ್ ಹೇಳಿದ್ದರು. ಹಿಂದಿನ ದಿನ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಹಾಳೆಯಲ್ಲಿ ಎರಡು ಸಾಲು ಗೀಚಿದ್ದೆ. ಬೆಳಿಗ್ಗೆ ಅದನ್ನು ಮರೆತು, ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ತಿಂಗಳ ಸಾಮಾನು ಬರೆದು ಅಂಗಡಿಗೆ ಕೊಟ್ಟು ಬಂದಿದ್ದೆ. ಈ ಕಡೆ ತೊಗರಿಬೇಳೆ ಎರಡು ಕೆಜಿ. ಆ ಕಡೆ, 'ಎದ್ದ ಕೂಡಲೇ ಎದೆ ಡವಡವ ಅನ್ನುತ್ತೆ. ಯಾಕಾದ್ರೂ ಬೆಳಗಾಯ್ತೋ ಅನ್ನಿಸುತ್ತೆ.'

ಕೌನ್ಸೆಲರ್ ಹತ್ತಿರ ಹೋಗುವ ವಿಷಯವನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ಇನ್ನು ಇಡೀ ಬೀದಿಗೆ ಗೊತ್ತಾಗುತ್ತದೆ ಎಂದುಕೊಂಡು ಚೀಟಿ ವಾಪಸ್ ಕೇಳಿದೆ. ಅವರು ಕೊಡಲಿಲ್ಲ. ತಕ್ಕಡಿಯ ಕಡೆ ನೋಡುತ್ತಾ, "ನನಗೂ ಬೆಳಿಗ್ಗೆ ಹಿಂಗೇ ಆಗುತ್ತೆ. ಇದಕ್ಕೆ ಯಾರ ಹತ್ರ ತೋರಿಸ್ತಿದೀರ?" ಎಂದರು.

ಅದೇ ಚೀಟಿಯಲ್ಲಿ, ನನ್ನ ಸಾಲುಗಳ ಕೆಳಗೆ, ಕೌನ್ಸೆಲರ್ ವಿಳಾಸ ಬರೆದುಕೊಟ್ಟೆ. ಉಳಿದ ಚೀಟಿಗಳಂತೆ ಅದನ್ನು ಗೋಡೆಯ ಕಂಬಿಗೆ ಚುಚ್ಚದೆ, ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಹನ್ನೆರಡು ವರ್ಷದಿಂದ ಆ ಅಂಗಡಿಗೆ ಹೋಗುತ್ತಿದ್ದೇನೆ. "ಚೆನ್ನಾಗಿದೀರಾ?" ಎಂದು ನಾನು ಕೇಳಿದಾಗಲೆಲ್ಲ ಅವರು ಚೆನ್ನಾಗಿದೀನಿ ಎನ್ನುತ್ತಿದ್ದರು. ಅವರು ಕೇಳಿದಾಗ ನಾನೂ ಅದನ್ನೇ ಹೇಳುತ್ತಿದ್ದೆ.