ತಿಂದು ಮುಗಿಸುವ ತಾಟು

ದೊಡವಾಡದ ನಮ್ಮ ಮನೆಯಲ್ಲಿ ಊಟದ ತಾಟನ್ನು ನೆಲಕ್ಕಿಡುವಂತಿರಲಿಲ್ಲ. ಮೂರು ಕಾಲಿನ ಕಟ್ಟಿಗೆಯ ಅಡ್ಡಣಿಗೆಯ ಮೇಲೇ ಇಡಬೇಕು. ಇಲ್ಲವಾದರೆ ಅದು ದನದ ಊಟವೆಂದು ಅಜ್ಜಿ ಬೈಯುತ್ತಿದ್ದಳು. ಹೊಲದ ಕೆಲಸಕ್ಕೆ ಬಂದು ಕಟ್ಟೆಯ ಕೆಳಗೇ ನಿಲ್ಲಬೇಕಾದ ಜಾತಿಯವರಿಗೆ ಮಾತ್ರ ಅಡ್ಡಣಿಗೆಯೂ ಇಲ್ಲ, ತಾಟೂ ಇಲ್ಲ. ಅವರಿಗೆ ರೊಟ್ಟಿಯೇ ತಾಟು. ಬಿಸಿ ರೊಟ್ಟಿ ಪಲ್ಯದ ಭಾರಕ್ಕೆ ಬಾಗುತ್ತದೆಂದು ಅಜ್ಜಿ ದಪ್ಪನೆಯ ಖಡಕ್ ರೊಟ್ಟಿಗಳನ್ನು ಬೇರೆ ಬುಟ್ಟಿಯಲ್ಲಿ ಇಟ್ಟಿರುತ್ತಿದ್ದಳು. ಅದರ ಮೇಲೆ ಪಲ್ಯ ಹಾಕಿ, ತಾಗದ ಹಾಗೆ, ಮೇಲಿನಿಂದ ಕೈಗೆ ಬಿಡುತ್ತಿದ್ದಳು. ಅವರು ಅಂಚಿನಿಂದ ಮುರಿಯುತ್ತ ನಡುವಿಗೆ ಬರುತ್ತಿದ್ದರು. ಉಂಡಾದ ಮೇಲೆ ತೊಳೆಯಲು ಏನೂ ಉಳಿಯುತ್ತಿರಲಿಲ್ಲ. ಅಜ್ಜಿಗೆ ತನ್ನ ಜಾಣತನದ ಬಗ್ಗೆ ಬಲು ಹೆಮ್ಮೆ.

ತೊಂಬತ್ತರ ದಶಕದಲ್ಲಿ, ನಾನು ಆರನೆಯ ಇಯತ್ತೆಯಲ್ಲಿದ್ದಾಗ, ಆ ಕೆಲಸದವರಲ್ಲೊಬ್ಬಳ ಮಗಳು ನನ್ನ ಜೀವದ ಗೆಳತಿಯಾದಳು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಮನೆಗೆ ಬಂದಳು. ಅಜ್ಜಿ ಆ ಬುಟ್ಟಿಯ ರೊಟ್ಟಿಗೇ ಬದನೆಕಾಯಿ ಪಲ್ಯ ಹಾಕಿ ಅವಳ ಕೈಗೆ ಬಿಟ್ಟಳು. ತಾಟು ಇಲ್ಲವೇ ಎಂದು ಗೆಳತಿ ನನ್ನನ್ನು ಕೇಳಿದಳು. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಉಣ್ಣುವುದು ಎಂದೆ. ಆ ವಯಸ್ಸಿಗೇ ಸುಳ್ಳು ನನಗೆ ನೀರು ಕುಡಿದಷ್ಟು ಸಲೀಸು. ಒಳಗೆ ಓಡಿ ನಾನೂ ಒಂದು ರೊಟ್ಟಿ ತಂದು ಅವಳ ಪಕ್ಕ ಕುಳಿತು ತಿಂದೆ. ಅವಳು ನಂಬಿದಳು. ಅವಳ ಮರ್ಯಾದೆ ಉಳಿಸಿದೆನೆಂದು ನಾನು ಉಬ್ಬಿಹೋದೆ.

ಮುಂದಿನ ಶನಿವಾರ, ಅಜ್ಜಿಗೆ ಹೇಳದೆ, ಅವಳ ಮನೆಗೆ ಹೋದೆ. ಅವಳ ತಾಯಿ ಮೂರು ತಾಟು ಇಟ್ಟಳು. ಗೆಳತಿ ಒಂದನ್ನು ಪಕ್ಕಕ್ಕೆ ಸರಿಸಿ, ಇವರ ಮನೆಯಲ್ಲಿ ಎಲ್ಲರೂ ರೊಟ್ಟಿಯ ಮೇಲೇ ಉಣ್ಣುತ್ತಾರೆಂದು ತಾಯಿಗೆ ತಿಳಿಸಿ, ಜುಣಕ ಹಾಕಿದ ರೊಟ್ಟಿಯನ್ನು ಪ್ರೀತಿಯಿಂದ ನನ್ನ ಕೈಗಿತ್ತಳು. ನಾನು ಎರಡು ತುತ್ತು ತಿಂದೆ.

ತಾಯಿ ನನ್ನನ್ನೇ ನೋಡುತ್ತ ಕೇಳಿದಳು: "ಹೌದೇನ್ರಿ ಸಣ್ಣವ್ವಾರ? ನಿಮ್ಮ ಅಜ್ಜಿಯಾರೂ ಹಿಂಗ ಉಣ್ತಾರೇನ್ರಿ?"

ನನ್ನ ತಾಯಿಯ ವಯಸ್ಸಿನವಳು ನನ್ನನ್ನು ಬಹುವಚನದಲ್ಲಿ ಕರೆದಳು. ನಾನು ಹೂಂ ಎಂದೆ, ಅಷ್ಟೇ.

ಅವಳು ಮಗಳ ಬೆನ್ನಿಗೆ ಬಲವಾಗಿ ಹೊಡೆದಳು. "ಆ ಮನ್ಯಾಗ ತಾಟಿಗೂ ಕುಂದ್ರಾಕ ಕಟಿಗಿ ಮಣಿ ಐತಿ. ನಿನ್ನ ಕೈಯಾಗ ಹಾಕಿದ್ದು ನನ್ನ ಪಾಲಿನ ರೊಟ್ಟಿ."

ಗೆಳತಿ ಅಳಲಿಲ್ಲ. ಸರಿಸಿಟ್ಟ ತಾಟನ್ನು ತನ್ನ ಲಂಗದಿಂದ ಒರೆಸಿ ನನ್ನ ಮುಂದಿಟ್ಟಳು. ನನ್ನ ಕೈಯ ರೊಟ್ಟಿ ತೆಗೆದುಕೊಂಡು ಅದರಲ್ಲಿ ಹಾಕಿ, ಉಣ್ಣು ಎಂದಳು. ಆಗಲೂ ಅವಳು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

ನನ್ನ ಕೈ ಮುಂದೆ ಹೋಗಲಿಲ್ಲ. ನಾಚಿಕೆಯಿಂದಲ್ಲ. ಅವಳು ರೊಟ್ಟಿಯನ್ನು ಕೈಗಿತ್ತಾಗಲೇ, ಇವರ ತಾಟು ಮುಟ್ಟುವುದು ತಪ್ಪಿತು ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಹೊಟ್ಟೆ ತುಂಬಿದೆ ಎಂದೆ.

"ಕೈಯಾಗ ಇದ್ದಾಗ ಹಸಿವಿತ್ತಲ್ಲ," ಎಂದಳು ಗೆಳತಿ. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು.