ಒಳಗೆ ಬಿಟ್ಟ ಬಟ್ಟೆ

ನಿಪ್ಪಾಣಿಯ ನಮ್ಮ ಓಣಿಯ ದರ್ಜಿ ಯಾರ ಅಂಗಿ ಹೊಲಿದರೂ ಹೊಲಿಗೆಯೊಳಗೆ ಸ್ವಲ್ಪ ಹೆಚ್ಚು ಬಟ್ಟೆ ಮಡಚಿಡುತ್ತಿದ್ದರು. "ಒಳಗ ಬಟ್ಟಿ ಬಿಟ್ಟೀನ್ರಿ" ಎಂದೇ ಕೈಗೆ ಕೊಡುತ್ತಿದ್ದರು.

ತಮ್ಮ ಮಗಳಿಗೆ ಫೈನಾನ್ಸ್ ಸ್ನಾತಕೋತ್ತರ ಓದಲು ವಿದೇಶದಲ್ಲಿ ಸೀಟು ಸಿಕ್ಕ ವಾರವೇ ಅವಳಿಗೊಂದು ಉಣ್ಣೆಯ ಕೋಟು ಹೊಲಿದರು. ನಾನು ಅಂಗಡಿಯಲ್ಲಿದ್ದಾಗ ಅವಳು ಬಂದು ಕೋಟನ್ನೇ ನೋಡುತ್ತ ನಿಂತಳು.

"ಅಪ್ಪಾ, ಮೊದಲ ನೌಕರಿ ಮಾಡಿ, ಈ ಕೆಲಸ ನನಗ ಒಗ್ಗತೈತೋ ಇಲ್ಲೋ ನೋಡಿ ಹೋಗಬೇಕಂತ ಅನಸ್ತೈತಿ. ನೀ ಆಗಲೇ ಕೋಟ ಹೊಲದಬಿಟ್ಟಿ."

"ಕೋಟಿನ ಸಲುವಾಗಿ ಹೊಂಟೀಯೇನ, ಹುಚ್ಚಿ?" ಅವರು ತೋಳನ್ನು ಒಳಹೊರಗು ಮಾಡಿ ಹೊಲಿಗೆ ತೋರಿಸಿದರು. "ಯಾವಾಗರೆ ಹೋಗು. ಒಳಗ ಬಟ್ಟಿ ಬಿಟ್ಟೀನಿ."

ಅವಳು ಎರಡು ವರ್ಷ ನೌಕರಿ ಮಾಡಿ ಹೊರಟಳು. ಅಷ್ಟರಲ್ಲಿ ಕೋಟು ಬಿಗಿಯಾಗಿತ್ತು. ಅವರು ಹೊಲಿಗೆ ಬಿಚ್ಚಿ ಸಡಿಲಿಸಿದರು. ಆಗಲೂ ಸ್ವಲ್ಪ ಬಟ್ಟೆಯನ್ನು ಒಳಗೇ ಉಳಿಸಿದರು.